ಕೃಷ್ಣೆಯ ದಂಡೆಯ ಹಳೆಯ ಇಂಜಿನುಗಳು

ಬೇಸಗೆಯಲ್ಲಿ ತೋಟದ ಬಾವಿಯ ಬಳಿಯಿಂದ ಬರುತ್ತಿದ್ದ ಡೀಸೆಲ್ ಪಂಪುಸೆಟ್ಟಿನ ಸದ್ದನ್ನು ಕೇಳಿ ಬೆಳೆದವರು ನಮ್ಮ ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಇನ್ನೂ ಬಹುಮಂದಿ ಇದ್ದಾರೆ. ಕರೆಂಟು ಬಂದ ಮೇಲೆ ಆ ಇಂಜಿನುಗಳಲ್ಲಿ ಹೆಚ್ಚಿನವು ಗುಜರಿಗೆ ಹೋದುವು. ಅಲ್ಲೊಂದು ಇಲ್ಲೊಂದು ಮಾತ್ರ ಕೊಟ್ಟಿಗೆಯ ಮೂಲೆಯಲ್ಲಿ, ತೆಂಗಿನ ಮಡಲಿನ ಅಡಿಯಲ್ಲಿ ಉಳಿದಿದೆ. ಅದನ್ನು ಕಂಡಾಗಲೆಲ್ಲ ಮನೆಯ ಹುಡುಗರು, "ಇದನ್ನು ತೂಕಕ್ಕೆ ಕೊಟ್ಟುಬಿಡಿ ಅಜ್ಜಾ" ಎನ್ನುವುದುಂಟು. ಹಾಗೆ ಕೊಟ್ಟುಬಿಡುವ ಮೊದಲು ಮಹಾರಾಷ್ಟ್ರದ ಮಿರಜದ ಕಡೆಯ ಕೆಲವು ಸಂಗತಿಗಳನ್ನು ಓದುಗರ ಮುಂದಿಡಬೇಕೆಂದು ನಮಗೆ ತೋರಿತು. ರಜೆಯಲ್ಲಿ ಆ ಕಡೆಗೆ ಹೋಗಿದ್ದಾಗ ಕಂಡು ಕೇಳಿದ್ದು ಇದರಲ್ಲಿ ಸ್ವಲ್ಪ ಸೇರಿದೆ.

ಮಿರಜ ಸಾಂಗಲಿ ಜಿಲ್ಲೆಯ ಊರು, ಕರ್ನಾಟಕದ ಗಡಿಗೆ ತೀರ ಹತ್ತಿರ. ಕಾಗವಾಡ, ಅಥಣಿ ಕಡೆಯವರಿಗೆ ದೊಡ್ಡ ಆಸ್ಪತ್ರೆ ಎಂದರೂ ಮಿರಜ, ಇಂಜಿನು ಬಿಚ್ಚಿಸುವುದೆಂದರೂ ಮಿರಜ-ಸಾಂಗಲಿ. ಇಲ್ಲಿ ಮಲಯಾಳದ ನಡುವೆ ನಾವಿರುವಂತೆ ಅಲ್ಲಿ ಮರಾಠಿಯ ನಡುವೆ ಕನ್ನಡದ ಮನೆಗಳಿವೆ. ಅದೇ ಜಿಲ್ಲೆಯ ಜತ್ತ ತಾಲೂಕಿನಲ್ಲಿ ಕನ್ನಡ ಶಾಲೆಗಳೂ ಇವೆ. ಗ್ಯಾರೇಜಿನಲ್ಲಿ ರೈತ ಇಂಜಿನಿನ ರೋಗವನ್ನು ಕನ್ನಡದಲ್ಲಿ ಹೇಳುತ್ತಾನೆ, ಮಿಸ್ತ್ರಿ ಮದ್ದನ್ನು ಮರಾಠಿಯಲ್ಲಿ ಹೇಳುತ್ತಾನೆ. ನಾಜಲ್, ಲೈನರ್, ಗ್ಯಾಸ್ಕೆಟ್ ಎಂಬ ಮಾತುಗಳು ಇಬ್ಬರಿಗೂ ಒಂದೇ ಆದುದರಿಂದ ವ್ಯವಹಾರಕ್ಕೇನೂ ತೊಡಕಾಗುವುದಿಲ್ಲ. ಭಾಷೆಯ ವಿಚಾರದಲ್ಲಿ ನಮ್ಮ ಕಚೇರಿಗಳು ಈ ಗ್ಯಾರೇಜುಗಳಿಂದ ಕಲಿಯಬೇಕಾದದ್ದು ಸಾಕಷ್ಟಿದೆ.

ಲೋಹದ ಕೆಲಸ ಆ ನಾಡಿಗೆ ಹೊಸತಲ್ಲ. ಕತ್ತಿಗಳಿಗೆ ಸಾಣೆ ಹಿಡಿಯುತ್ತಿದ್ದ ಮಿರಜದ ಶಿಕಲಗಾರ ಮನೆತನದವರು 19ನೆಯ ಶತಮಾನದ ನಡುವಿನಲ್ಲಿ ತಂಬೂರಿ, ಸಿತಾರುಗಳನ್ನು ಕಟ್ಟುವ ಕೆಲಸಕ್ಕೆ ತಿರುಗಿದರು. ಆ ವಾದ್ಯಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಮಿರಜದಿಂದ ಪುಣೆಯ ಕಡೆಗೆ ಹೋಗುವ ರೈಲುದಾರಿಯಲ್ಲಿ ಸಾಂಗಲಿ ದಾಟಿದರೆ ಕಿರ್ಲೋಸ್ಕರವಾಡಿ ಸಿಗುತ್ತದೆ. ಅದನ್ನು ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು. ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಪಾಠ ಹೇಳುತ್ತಿದ್ದು, ಆ ಕೆಲಸ ಬಿಟ್ಟು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. (ಮಾಸ್ತರಿಕೆ ಬಿಟ್ಟವರೆಲ್ಲ ಕೆಡುವುದಿಲ್ಲ ಎಂಬುದಕ್ಕೆ ನಮ್ಮ ಸಹೋದ್ಯೋಗಿಗಳು ಈ ಉದಾಹರಣೆಯನ್ನು ಕೊಡಬಹುದು.) ಅವರು 1903ರಲ್ಲಿ ಕಬ್ಬಿಣದ ನೇಗಿಲು ಮಾಡಿದಾಗ, ಕಬ್ಬಿಣ ತಗಲಿದರೆ ಮಣ್ಣಿಗೆ ವಿಷವಾದೀತೆಂದು ರೈತರು ಅದನ್ನು ಕೊಳ್ಳಲು ಅಂಜಿದರು. ಬೆಳಗಾವಿಯ ಜಾಗ ಬಿಡಬೇಕಾಗಿ ಬಂದಾಗ ಔಂಧ ಸಂಸ್ಥಾನದ ಅರಸರು ನೆಲ ಕೊಟ್ಟರು. 1910ರಲ್ಲಿ ಕಾರಖಾನೆ ಅಲ್ಲಿಗೆ ಬಂತು. 1946ರಲ್ಲಿ ಅದೇ ಮನೆತನದವರು ಪುಣೆಯಲ್ಲಿ ಆಯಿಲ್ ಇಂಜಿನಿನ ಕಂಪೆನಿಯನ್ನು ಆರಂಭಿಸಿದರು. ಅತ್ತ ಗುಜರಾತಿನ ರಾಜಕೋಟೆಯಲ್ಲಿ ಇಂಗ್ಲೆಂಡಿನ ಲಿಸ್ಟರ್ ಮಾದರಿಯ, ಎರಡು ದೊಡ್ಡ ಚಕ್ರಗಳ, ನಿಧಾನವಾಗಿ ಓಡುವ ಇಂಜಿನುಗಳು ತಯಾರಾಗತೊಡಗಿದುವು. ಈ ಎರಡು ಬಗೆಯವೇ ಕೃಷ್ಣೆಯ ಎರಡು ದಂಡೆಗಳ ಹೊಲಗಳಿಗೆ ನೀರೆತ್ತಿದ ಇಂಜಿನುಗಳಲ್ಲಿ ಮುಖ್ಯವಾದವು.

ಡೀಸೆಲ್ ಇಂಜಿನು ಕೆಲಸ ಮಾಡುವ ಕ್ರಮ ಸರಳ. ಅದರಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಸಿಲಿಂಡರಿನೊಳಗೆ ಬಂದ ಗಾಳಿಯನ್ನು ಪಿಸ್ಟನ್ನು ಮೊದಲಿದ್ದುದರ 16-17ನೆಯ ಒಂದು ಪಾಲಿಗೆ ಒತ್ತುತ್ತದೆ. ಆಗ ಗಾಳಿ 500 ಡಿಗ್ರಿ ಸೆಲ್ಸಿಯಸಿಗೂ ಮಿಕ್ಕಿ ಕಾಯುತ್ತದೆ. ಅದರೊಳಕ್ಕೆ ನಾಜಲಿನಿಂದ ಮಂಜಿನಂತೆ ಚಿಮ್ಮಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಹೀಗಾಗಿ ಹಳೆಯ ಇಂಜಿನಿನ ಆರೋಗ್ಯವೆಲ್ಲ ಎರಡು ವಿಷಯಗಳಲ್ಲಿದೆ. ಒತ್ತಿದ ಗಾಳಿ ಸೋರಬಾರದು. ಅದಕ್ಕಾಗಿ ರಿಂಗು, ಲೈನರು, ವಾಲ್ವು ಸರಿಯಾಗಿರಬೇಕು. ಡೀಸೆಲ್ ಶುದ್ಧವಾಗಿರಬೇಕು. ಡೀಸೆಲ್ ಪಂಪಿನೊಳಗಿನ ಸಣ್ಣ ದಂಡಕ್ಕೂ ಅದರ ಗೂಡಿಗೂ ನಡುವಿನ ಸಂದು ತಲೆಗೂದಲಿನ ದಪ್ಪದ ಇಪ್ಪತ್ತನೆಯ ಒಂದು ಪಾಲೂ ಇರುವುದಿಲ್ಲ. ತುಕ್ಕು ಹಿಡಿದ ಡಬ್ಬಿಯಿಂದ ಡೀಸೆಲ್ ಸುರಿದರೆ ಆ ಸಂದಿಗೆ ಏನಾದೀತೆಂದು ಊಹಿಸಿಕೊಳ್ಳಬಹುದು. ಸವೆದ ಲೈನರನ್ನು ತೆಗೆದು ಹೊಸತು ಕೂರಿಸಬಹುದು, ವಾಲ್ವನ್ನು ಪೇಸ್ಟು ಹಚ್ಚಿ ಉಜ್ಜಿ ಮತ್ತೆ ಹೊಂದಿಸಬಹುದು, ಸವೆದ ಶಾಫ್ಟನ್ನು ಲೇತಿನಲ್ಲಿ ಹಿಡಿದು ಸರಿಪಡಿಸಬಹುದು. ಹತ್ತಿರದ ಕೊಲ್ಹಾಪುರದಲ್ಲಿ ಎರಕದ ಫೌಂಡ್ರಿಗಳು ಧಾರಾಳವಾಗಿರುವುದು ಮಿರಜದ ಮಿಸ್ತ್ರಿಗಳಿಗೆ ಒಂದು ಅನುಕೂಲ.

ಇಂಜಿನನ್ನು ಮುಟ್ಟುವ ಮೊದಲು ಮಿಸ್ತ್ರಿ ನೋಡುವುದು ಹೊಗೆಯನ್ನು. ಕಪ್ಪು ಹೊಗೆ ಬಂದರೆ ಗಾಳಿ ಸಾಲದು, ಇಲ್ಲವೆ ಹೊರೆ ಹೆಚ್ಚು, ಇಲ್ಲವೆ ನಾಜಲ್ ಕೆಟ್ಟಿದೆ. ನೀಲಿ ಛಾಯೆಯ ಹೊಗೆ ಬಂದರೆ ರಿಂಗು ಸವೆದು ಇಂಜಿನ್ ಆಯಿಲು ಉರಿಯುತ್ತಿದೆ. ಬಿಳಿ ಹೊಗೆಯಾದರೆ ಡೀಸೆಲ್ ಉರಿಯದೆ ಹೊರಬರುತ್ತಿದೆ, ಅಥವಾ ನೀರು ಒಳಗೆ ಸೇರಿದೆ. ಏನು ಮಾಡಿದರೂ ಚಾಲೂ ಆಗದಿದ್ದರೆ ಮೊದಲ ಸಂಶಯ ಡೀಸೆಲ್ ಕೊಳವೆಯಲ್ಲಿ ಸಿಕ್ಕಿದ ಗಾಳಿಯ ಮೇಲೆ. ಟ್ಯಾಂಕು ಬರಿದಾಗುವವರೆಗೆ ಓಡಿಸಿದವರಿಗೆ ಈ ಕಷ್ಟ ತಪ್ಪಿದ್ದಲ್ಲ. ಸ್ಕ್ರೂ ಸಡಿಲಿಸಿ, ಗುಳ್ಳೆಗಳೆಲ್ಲ ಹೋಗಿ ಬರಿಯ ಡೀಸೆಲ್ ಬರುವ ತನಕ ಬಿಟ್ಟು, ಮತ್ತೆ ಬಿಗಿದರೆ ಆಯಿತು. ಐದು ನಿಮಿಷದ ಕೆಲಸ. ಗೊತ್ತಿಲ್ಲದವನು ಹ್ಯಾಂಡಲ್ ತಿರುಗಿಸಿ ತಿರುಗಿಸಿ ಅರ್ಧ ದಿನ ಕಳೆಯುತ್ತಾನೆ.

ಇನ್ನು ನೆರೆಯ ಮಾತು. 2005, 2019, 2021 ಈ ಮೂರು ವರ್ಷಗಳಲ್ಲೂ ಕೃಷ್ಣೆ ಸಾಂಗಲಿ ಜಿಲ್ಲೆಯನ್ನು ಮುಳುಗಿಸಿತು. 2019ರ ಆಗಸ್ಟಿನಲ್ಲಿ ಸಾಂಗಲಿಯ ಅಯರ್ವಿನ್ ಸೇತುವೆಯ ಬಳಿ ನೀರು 57 ಅಡಿಗೂ ಮೀರಿತ್ತು. ಅಲ್ಲಿ ಅಪಾಯದ ಮಟ್ಟವೆಂದು ಗುರುತಿಸಿದ್ದು 45 ಅಡಿ. ನದಿ ದಂಡೆಯ ಪಂಪುಮನೆಗಳು ಮಾಡಿನವರೆಗೆ ಮುಳುಗಿದಾಗ ವಿದ್ಯುತ್ ಮೋಟಾರು, ಡೀಸೆಲ್ ಇಂಜಿನು, ಟ್ರಾಕ್ಟರು ಎಂಬ ಭೇದವಿಲ್ಲದೆ ಎಲ್ಲಕ್ಕೂ ಕೆಸರು ತುಂಬಿತು.

ನೀರು ಇಳಿದ ಮೇಲೆ ಭೇದ ಕಾಣಿಸಿಕೊಂಡಿತು. ಮೋಟಾರಿನ ಸುರುಳಿ ನೀರು ಕುಡಿದಿದ್ದರೆ ಅದನ್ನು ಒಣಗಿಸಬೇಕು, ಸುಟ್ಟಿದ್ದರೆ ಹೊಸ ತಂತಿ ಸುತ್ತಿಸಬೇಕು. ಸುತ್ತುವ ಅಂಗಡಿಗಳೋ ಕೆಲವೇ, ಮೋಟಾರುಗಳು ನೂರಾರು. ಮೋಟಾರು ಸರಿಯಾಗಿ ಬಂದರೂ ಉರುಳಿದ ಕಂಬಗಳು, ಮುಳುಗಿದ ಟ್ರಾನ್ಸ್‌ಫಾರ್ಮರುಗಳು ಸರಿಯಾಗುವ ತನಕ ಕರೆಂಟಿಲ್ಲ. ಆದರೆ ಕೆಸರು ತುಂಬಿದ ಕುಡಿಯುವ ನೀರಿನ ಬಾವಿಯನ್ನು ಖಾಲಿ ಮಾಡುವುದಕ್ಕೆ ವಾರಗಟ್ಟಲೆ ಕಾಯುವ ಹಾಗಿರಲಿಲ್ಲ. ಮನೆಯಲ್ಲಿ ಮಕ್ಕಳು ಮರಿಗಳಿದ್ದಾರೆ, ಹಟ್ಟಿಯಲ್ಲಿ ದನಗಳಿವೆ. ಆಗ ನೆನಪಾದದ್ದು ವರ್ಷಗಳಿಂದ ಮೂಲೆಯಲ್ಲಿ ಬಿದ್ದಿದ್ದ ಡೀಸೆಲ್ ಇಂಜಿನು.

ಮುಳುಗಿದ ಇಂಜಿನಿನ ಬಗ್ಗೆ ಅಲ್ಲಿಯ ಮಿಸ್ತ್ರಿಗಳು ಮೊದಲು ಹೇಳುವ ಮಾತು, "ಹ್ಯಾಂಡಲ್ ಹೊಡಿಬ್ಯಾಡ್ರಿ, ಮೊದ್ಲ ಹೆಡ್ ಬಿಚ್ಚ್ರಿ." ಅವಸರದಲ್ಲಿ ತಿರುಗಿಸಿದರೆ ಒಳಗಿನ ಮರಳು ಲೈನರನ್ನು ಗೀರುತ್ತದೆ. ಸೆಲ್ಫ್ ಸ್ಟಾರ್ಟರು ಇರುವ ಲಾರಿ, ಟ್ರಾಕ್ಟರುಗಳಲ್ಲಿ ಇದಕ್ಕಿಂತ ದೊಡ್ಡ ಹಾನಿಯಾಗುತ್ತದೆ. ನೀರು ಗಾಳಿಯಂತೆ ಕುಗ್ಗುವುದಿಲ್ಲ. ಅದನ್ನು ಒತ್ತಹೋದ ಪಿಸ್ಟನಿನ ಕನೆಕ್ಟಿಂಗ್ ರಾಡು ಬಾಗಿಹೋಗುತ್ತದೆ. ಆದುದರಿಂದ ಹೆಡ್ಡು ಬಿಚ್ಚಿ ಕೆಸರು ತೆಗೆಯಬೇಕು. ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ ಆಯಿಲನ್ನು ಪೂರ್ತಿ ಇಳಿಸಬೇಕು. ಟ್ಯಾಂಕು, ಕೊಳವೆಗಳನ್ನು ಡೀಸೆಲಿನಿಂದ ತೊಳೆದು ಫಿಲ್ಟರು ಬದಲಿಸಬೇಕು. ನಾಜಲನ್ನೂ ಪಂಪನ್ನೂ ಪರೀಕ್ಷೆಗೆ ಕಳುಹಿಸಬೇಕು. ಹೊಸ ಆಯಿಲು ಹಾಕಿ ಸ್ವಲ್ಪ ಹೊತ್ತು ಓಡಿಸಿ, ಆ ಆಯಿಲನ್ನೂ ಚೆಲ್ಲಿ ಮತ್ತೆ ತುಂಬಬೇಕು. ಎರಡನೆಯ ಸಲ ಆಯಿಲು ಚೆಲ್ಲುವಾಗ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಅಲ್ಲಿ ಜಿಪುಣತನ ಮಾಡಿದವರ ಬೇರಿಂಗು ಬೇಗ ಹೋಯಿತೆಂದು ನಮಗೆ ಹೇಳಿದವರಿದ್ದಾರೆ. ಕೈ ಪಳಗಿದವನಿಗೆ ಇದೆಲ್ಲ ಒಂದೆರಡು ದಿನದ ಕೆಲಸ. ಕಂಬಗಳು ಇನ್ನೂ ನೆಲದ ಮೇಲೆ ಮಲಗಿರುವಾಗಲೇ ಬಾವಿಯ ಕೆಸರುನೀರನ್ನು ಹೊರಗೆ ಹಾಕಬಹುದು.

ಹಾಗೆಂದು ದಿನಬಳಕೆಗೆ ಡೀಸೆಲೇ ಮೇಲು ಎನ್ನುವುದು ಮೂರ್ಖತನ. 5 ಅಶ್ವಶಕ್ತಿಯ ಇಂಜಿನು ಪೂರ್ತಿ ಹೊರೆಯಲ್ಲಿ ಗಂಟೆಗೆ ಒಂದು ಲೀಟರಿಗಿಂತ ಸ್ವಲ್ಪ ಹೆಚ್ಚೇ ಡೀಸೆಲ್ ಕುಡಿಯುತ್ತದೆ. ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ಉಚಿತ ವಿದ್ಯುತ್ತಿದೆ. ಮಹಾರಾಷ್ಟ್ರವೂ 2024ರಲ್ಲಿ 7.5 ಅಶ್ವಶಕ್ತಿಯವರೆಗೆ ಅಂಥದೇ ಯೋಜನೆ ತಂದಿತು. ಸೌರ ಪಂಪುಗಳೂ ಬರುತ್ತಿವೆ. ಹೀಗಿರುವಾಗ ದಿನವೂ ಡೀಸೆಲ್ ಸುಡುವವರು ಯಾರು? ಅಲ್ಲದೆ ಅದರ ಸದ್ದು ಕಿವಿಗೆ ಕೆಟ್ಟದು, ಹೊಗೆ ಎದೆಗೆ ಕೆಟ್ಟದು.

ಇಲ್ಲಿ ನಮ್ಮ ಊರಿನವರಿಗೆ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಪಂಪು ನೀರನ್ನು ಕೆಳಗಿನಿಂದ ಎಳೆಯುವುದು ರೂಢಿಯಲ್ಲಿ ಸುಮಾರು 7 ಮೀಟರುಗಳಿಂದ ಮಾತ್ರ. ಆದುದರಿಂದ ಆಳದ ಬಾವಿಗಳಲ್ಲಿ ಇಂಜಿನನ್ನೇ ಒಳಗಿನ ಮೆಟ್ಟಿಲಿಗೆ ಇಳಿಸುವುದುಂಟು. ಇಂಜಿನಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾವಿಯೊಳಗೆ ಅದು ತುಂಬಿದರೆ ಇಳಿದವನು ಅಲ್ಲೇ ಕುಸಿಯುತ್ತಾನೆ, ಅವನನ್ನು ಎತ್ತಲು ಇಳಿದವನೂ ಕುಸಿಯುತ್ತಾನೆ. ಒಂದೇ ಮನೆಯ ಇಬ್ಬರು ಮೂವರು ಹೀಗೆ ಹೋದದ್ದುಂಟು. ನಮ್ಮ ಮುರಕಲ್ಲಿನ ಬಾವಿಗಳು ಆಳದಲ್ಲಿ ಯಾವುದಕ್ಕೂ ಕಡಿಮೆಯಲ್ಲ. ಇಂಜಿನು ಎಂದಿಗೂ ಬಾವಿಯ ಹೊರಗೇ ಇರಬೇಕು.

ಲಾರಿಗಳ ಕಥೆ ಬೇರೆ. ಆ ಸೀಮೆಯಲ್ಲಿ ಚಳಿಗಾಲ ಬಂತೆಂದರೆ ಕಬ್ಬಿನ ಹಂಗಾಮು. ಕಡಿದ ಕಬ್ಬು ದಿನ ಕಳೆದಂತೆ ತೂಕವನ್ನೂ ಸಕ್ಕರೆಯನ್ನೂ ಕಳೆದುಕೊಳ್ಳುತ್ತದೆ. ಲಾರಿ ನಡುದಾರಿಯಲ್ಲಿ ನಿಂತರೆ ನಷ್ಟ ರೈತನಿಗೆ. ದೂರದ ಓಟಕ್ಕೆ ಒಗ್ಗದ ಹಳೆಯ ಲಾರಿಗಳನ್ನು ಈ ಹತ್ತು ಹದಿನೈದು ಮೈಲಿನ ಓಟಕ್ಕೆ ಹಚ್ಚುವುದು ರೂಢಿ. ಆದರೆ 2021ರಲ್ಲಿ ಕೇಂದ್ರ ಸರಕಾರ ಹಳೆಯ ವಾಹನಗಳ ಗುಜರಿ ನೀತಿಯನ್ನು ತಂದ ಮೇಲೆ, 15 ವರ್ಷ ದಾಟಿದ ಲಾರಿಗಳಿಗೆ ಅರ್ಹತಾ ಪರೀಕ್ಷೆಯ ಶುಲ್ಕ ಏರಿತು. 2020ರ ಏಪ್ರಿಲಿನಿಂದ ಮಾರಾಟವಾಗುತ್ತಿರುವ ಹೊಸ ಲಾರಿಗಳಲ್ಲಿ ಡೀಸೆಲ್ ಎಷ್ಟು, ಯಾವಾಗ ಎಂದು ತೀರ್ಮಾನಿಸುವುದು ಒಂದು ಸಣ್ಣ ಗಣಕಯಂತ್ರ. ಅವು ಕಡಿಮೆ ಹೊಗೆ ಉಗುಳುತ್ತವೆ, ಸಂತೋಷವೇ. ಹಳೆಯ ಮಿಸ್ತ್ರಿಯ ಪಾನಾ, ಸುತ್ತಿಗೆಗಳಿಗೆ ಅಲ್ಲಿ ಹೆಚ್ಚಿನ ಕೆಲಸವಿಲ್ಲ.

ಕೆಲಸ ಕಡಿಮೆಯಾದಂತೆ ಕಲಿಯುವವರೂ ಕಡಿಮೆಯಾಗುತ್ತಾರೆ. ಮಿರಜದಲ್ಲಿ ನಾವು ಕಂಡ ಪಳಗಿದ ಕೈಗಳೆಲ್ಲ ನರೆತ ತಲೆಯವರವು. ಹತ್ತನೆಯ ತರಗತಿಯಲ್ಲಿ ಸೋತ ಹುಡುಗನನ್ನು ಹಿಂದೆ ಗ್ಯಾರೇಜಿಗೆ ಸೇರಿಸುತ್ತಿದ್ದರು. ಅವನು ಮೊದಲ ವರ್ಷ ನಟ್ಟು ಬೋಲ್ಟು ತೊಳೆದು, ಎರಡನೆಯ ವರ್ಷ ವಾಲ್ವು ಉಜ್ಜಿ, ಮೂರನೆಯ ವರ್ಷ ಹೊಗೆ ನೋಡಿ ರೋಗ ಹೇಳುತ್ತಿದ್ದ. ಈಗ ಆ ಹುಡುಗ ಮೊಬೈಲಿನ ಅಂಗಡಿಯನ್ನು ಹುಡುಕುತ್ತಾನೆ. ಅವನನ್ನು ದೂರುವಂತಿಲ್ಲ. ಐ.ಟಿ.ಐ.ಗಳಲ್ಲಿ ಡೀಸೆಲ್ ಮೆಕ್ಯಾನಿಕ್ ಎಂಬ ಒಂದು ವರ್ಷದ ತರಬೇತಿ ಇದೆ. ಕೈ ಚುರುಕಾಗಿರುವ ಮಕ್ಕಳ ತಂದೆತಾಯಂದಿರು ಅದನ್ನು ವಿಚಾರಿಸುವುದು ಒಳ್ಳೆಯದು. ಪುಸ್ತಕದ ಮುಂದೆ ತೂಕಡಿಸುವ ಹುಡುಗ ಪ್ರಯೋಗಶಾಲೆಯಲ್ಲಿ ಎಚ್ಚರವಾಗಿರುವುದನ್ನು ನಾವು ದಿನವೂ ಕಾಣುತ್ತೇವೆ.

ಮನೆಯಲ್ಲಿ ಹಳೆಯ ಇಂಜಿನು ಉಳಿದಿರುವವರು ಮಳೆಗಾಲದ ಮೊದಲು ಮಾಡಬೇಕಾದದ್ದು ಇಷ್ಟೆ. ತಂಪಿಗಾಗಿ ತುಂಬಿದ ನೀರನ್ನು ಪೂರ್ತಿ ಬಿಟ್ಟುಬಿಡಿ, ಇಲ್ಲದಿದ್ದರೆ ಒಳಗೆ ತುಕ್ಕು ತಿನ್ನುತ್ತದೆ. ಹಳೆಯ ಆಯಿಲು ತೆಗೆದು ಹೊಸತು ಹಾಕಿ. ಗಾಳಿ ಹೋಗುವ ದಾರಿಯಲ್ಲಿ ಒಂದು ಚಮಚ ಆಯಿಲು ಬಿಟ್ಟು, ಡೀಸೆಲ್ ಮುಚ್ಚಿ, ವಾಲ್ವು ಎತ್ತಿ ಹಿಡಿಯುವ ಲಿವರನ್ನು ಎತ್ತಿ ಹ್ಯಾಂಡಲನ್ನು ನಾಲ್ಕು ಸುತ್ತು ತಿರುಗಿಸಿ. ತಿಂಗಳಿಗೊಮ್ಮೆ ಹೀಗೆ ತಿರುಗಿಸುತ್ತಿದ್ದರೆ ರಿಂಗು ಹಿಡಿದುಕೊಳ್ಳುವುದಿಲ್ಲ. ಸೈಲೆನ್ಸರಿನ ಬಾಯಿಗೆ ಒಂದು ತಗಡಿನ ಡಬ್ಬಿ ಕವುಚಿಡಿ; ಮಳೆನೀರೂ ಇಲಿಯೂ ಒಳಗೆ ಹೋಗುವುದು ಆ ದಾರಿಯಿಂದಲೇ. ಮುಂದೆ ಚಾಲೂ ಮಾಡುವಾಗ ಡಬ್ಬಿಯನ್ನು ತೆಗೆಯಲು ಮರೆಯದಿರಿ.