ಮೊಟ್ಟೆಯನ್ನು ನೀರಿನಲ್ಲಿ ಒಡೆದು ಬೇಯಿಸುವ ಸುಲಭ ಕ್ರಮಗಳು

ಕೋಳಿಯ ಮೊಟ್ಟೆಯು ದೇಹಪುಷ್ಟಿಗೆ ಅತ್ಯುತ್ತಮವಾದ ಆಹಾರಗಳಲ್ಲಿ ಒಂದೆಂಬುದು ಅದನ್ನು ಸೇವಿಸುವ ರೂಢಿಯುಳ್ಳ ಕುಟುಂಬಗಳಿಗೆಲ್ಲ ತಿಳಿದ ವಿಷಯವಾಗಿದೆ. ಸುಮಾರು ೪೦ ಗ್ರಾಂ ತೂಗುವ ಒಂದು ನಾಟಿ ಮೊಟ್ಟೆಯಲ್ಲಿ ೪ ರಿಂದ ೫ ಗ್ರಾಂನಷ್ಟು ಮಾಂಸಪೋಷಕ ದ್ರವ್ಯ, ಅಂದರೆ ಪ್ರೋಟೀನು ಇರುವುದು. ಗ್ರಾಮಾಂತರ ಪ್ರದೇಶಗಳಲ್ಲಿ ಇದನ್ನು ಉಪಯೋಗಿಸುವ ಕ್ರಮಗಳಲ್ಲಿ ಮೂರು ಹೆಚ್ಚಾಗಿ ಕಾಣಬರುವುವು: ಚಿಪ್ಪಿನೊಡನೆ ಗಟ್ಟಿಯಾಗುವವರೆಗೆ ಬೇಯಿಸುವುದು, ಎಣ್ಣೆಯಲ್ಲಿ ಹುರಿಯುವುದು, ಹಾಲಿನಲ್ಲಿ ಕದಡಿ ಹಸಿಯಾಗಿಯೇ ಕುಡಿಯುವುದು. ಇವುಗಳಲ್ಲಿ ಎರಡನೆಯದಕ್ಕೆ ಎಣ್ಣೆಯ ವೆಚ್ಚವುಂಟು, ಮೂರನೆಯದರಲ್ಲಿ ಅಪಾಯವುಂಟು.

ಇವಲ್ಲದೆ ಮತ್ತೊಂದು ಕ್ರಮವಿದೆ. ಚಿಪ್ಪನ್ನು ಒಡೆದು, ಒಳಗಿನ ತಿರುಳನ್ನು ಚದರದಂತೆ ಬಿಸಿನೀರಿಗೆ ಇಳಿಸಿ ಬೇಯಿಸುವುದೇ ಅದು. ಇದನ್ನು ಇಂಗ್ಲಿಷಿನಲ್ಲಿ ಪೋಚ್ ಮಾಡುವುದೆನ್ನುವರು. ಚೀಲವೆಂಬ ಅರ್ಥವುಳ್ಳ ಫ್ರೆಂಚ್ ಶಬ್ದದಿಂದ ಈ ಹೆಸರು ಬಂದಿದೆ. ಬಿಳಿಯ ಭಾಗವು ಹಳದಿಯ ಸುತ್ತಲೂ ಚೀಲದಂತೆ ಕೂಡಿಕೊಳ್ಳುವುದೇ ಇದಕ್ಕೆ ಕಾರಣ. ಎಣ್ಣೆ ಬೇಡ, ಸೌದೆ ಅಲ್ಪ, ಐದಾರು ನಿಮಿಷಗಳ ಕೆಲಸ. ಹೀಗಿದ್ದರೂ ಒಂದೆರಡು ಸಲ ಪ್ರಯತ್ನಿಸಿ ನೋಡಿದ ಅನೇಕರು, ಬಿಳಿಯ ಭಾಗವೆಲ್ಲ ಎಳೆಎಳೆಯಾಗಿ ಚದರಿ ಪಾತ್ರೆಯ ತುಂಬ ನೊರೆಯಾಯಿತೆಂದು ಇದನ್ನು ಕೈಬಿಟ್ಟಿರುವರು. ಇಂತಹ ಸಂದರ್ಭಗಳಲ್ಲಿ ದೋಷವು ಬಹುಮಟ್ಟಿಗೆ ಬೇಯಿಸಿದವರ ಕೈಯದಲ್ಲ, ಮೊಟ್ಟೆಯದು. ಮೊಟ್ಟೆಯದೆಂದರೂ ಕೋಳಿಯದಲ್ಲ, ಮೊಟ್ಟೆಯನ್ನು ಕೂಡಿಟ್ಟ ರೀತಿಯದು. ಇದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಹೊಸ ಮೊಟ್ಟೆಗೂ ಹಳೆಯದಕ್ಕೂ ಇರುವ ಭೇದ

ಮೊಟ್ಟೆಯ ಬಿಳಿಯ ಭಾಗವು ಒಂದೇ ವಿಧವಾದ ದ್ರವವಲ್ಲ. ಅದರಲ್ಲಿ ನೀರಿನಂತೆ ಹರಿಯುವ ತೆಳುವಾದ ಭಾಗವೊಂದು, ಲೋಳೆಯಂತೆ ಒಟ್ಟಾಗಿ ನಿಲ್ಲುವ ದಪ್ಪನಾದ ಭಾಗವೊಂದು ಇರುವುವು. ಹೊಸ ಮೊಟ್ಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ದಪ್ಪನಾದುದೇ. ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿವೆ. ದಿನಗಳು ಕಳೆದಂತೆ ಇವುಗಳ ಮೂಲಕ ಒಳಗಿನ ಇಂಗಾಲಾಮ್ಲವಾಯುವು ಹೊರಬಿದ್ದು, ಬಿಳಿಯ ಭಾಗದಲ್ಲಿ ಕ್ಷಾರಗುಣವು ಹೆಚ್ಚುವುದು. ದಪ್ಪನಾದ ಲೋಳೆಯು ಸಡಿಲಿಸಿ ತೆಳುವಾಗುವುದು. ಬಿಸಿಲಿನ ದಿನಗಳಲ್ಲಿ ಈ ಬದಲಾವಣೆಯು ಅತಿ ಶೀಘ್ರವಾಗಿ ನಡೆಯುವುದು.

ಬಿಸಿನೀರಿಗೆ ಇಳಿಸಿದಾಗ ತೆಳುವಾದ ಭಾಗವು ಹೆಪ್ಪುಗಟ್ಟುವ ಮೊದಲೇ ಹರಡಿ ಎಳೆಗಳಾಗುವುದು. ದಪ್ಪನಾದ ಭಾಗವು ಹಳದಿಯನ್ನು ಅಪ್ಪಿಕೊಂಡು ಸುಮಾರು ೬೨ ಡಿಗ್ರಿ ಸೆಂಟಿಗ್ರೇಡ್ ಶಾಖದಿಂದ ಹೆಪ್ಪುಗಟ್ಟತೊಡಗುವುದು. ಆದಕಾರಣ ಹೊಸ ಮೊಟ್ಟೆಯು ತಾನಾಗಿಯೇ ಉಂಡೆಯಾಗುವುದು. ಹಳೆಯ ಮೊಟ್ಟೆಯನ್ನು ಎಷ್ಟು ಜಾಣ್ಮೆಯಿಂದ ಇಳಿಸಿದರೂ ಅದು ಚದರದೆ ಇರದು. ಅಮೆರಿಕದಲ್ಲಿ ೧೯೩೭ನೆಯ ಇಸವಿಯಲ್ಲಿ ರೇಮಂಡ್ ಹಾಘ್ ಎಂಬವರು ಮೊಟ್ಟೆಯನ್ನು ಸಮತಟ್ಟಾದ ಫಲಕದ ಮೇಲೆ ಒಡೆದು, ದಪ್ಪನಾದ ಲೋಳೆಯ ಎತ್ತರವನ್ನು ಅಳೆದು, ತೂಕದೊಡನೆ ಹೋಲಿಸಿ ಅದರ ಗುಣವನ್ನು ಅಂಕೆಯಲ್ಲಿ ಹೇಳುವ ಕ್ರಮವನ್ನು ಪ್ರಕಟಿಸಿದರು. ಇಂದಿಗೂ ಆ ಮಾನವೇ ಬಳಕೆಯಲ್ಲಿದೆ. ಮನೆಯಲ್ಲಿ ಇದಕ್ಕೆ ಯಂತ್ರವೇನೂ ಬೇಡ. ಊಟದ ತಟ್ಟೆಯ ಮೇಲೆ ಒಡೆದಾಗ ಹಳದಿಯು ಗುಂಡಾಗಿ ಉಬ್ಬಿ, ಅದರ ಸುತ್ತ ಲೋಳೆಯು ದಿಣ್ಣೆಯಂತೆ ನಿಂತರೆ ಉತ್ತಮ. ಎಲ್ಲವೂ ಚಪ್ಪಟೆಯಾಗಿ ಹರಿದರೆ ಹಳೆಯದು.

ಒಡೆಯದೆಯೇ ಪರೀಕ್ಷಿಸಬೇಕಾದರೆ, ಒಂದು ಪಾತ್ರೆಯ ತಣ್ಣೀರಿನಲ್ಲಿ ಮೊಟ್ಟೆಯನ್ನು ಬಿಡತಕ್ಕದ್ದು. ಹೊಸದು ತಳದಲ್ಲಿ ಅಡ್ಡಲಾಗಿ ಮಲಗುವುದು. ಕೆಲವು ದಿನಗಳದು ಮೊಂಡಾದ ತುದಿಯನ್ನು ಮೇಲೆತ್ತಿ ನಿಲ್ಲುವುದು. ಒಳಗಿನ ನೀರು ಆರಿ ಗಾಳಿಯ ಕೋಶವು ದೊಡ್ಡದಾದ ಬಹಳ ಹಳೆಯ ಮೊಟ್ಟೆಯು ತೇಲುವುದು. ಅದನ್ನು ಅಡಿಗೆಗೆ ತರಬಾರದು.

ಬೇಯಿಸುವ ಮೂರು ಕ್ರಮಗಳು

೧. ಬಾಣಲೆಯ ಕ್ರಮ.— ಅಗಲವಾದ ಪಾತ್ರೆಯಲ್ಲಿ ಮೂರು ಅಂಗುಲ ಎತ್ತರಕ್ಕೆ ನೀರನ್ನು ಕಾಯಿಸಿ, ಲೀಟರಿಗೆ ಒಂದು ನಿಂಬೆಹಣ್ಣಿನ ರಸವನ್ನಾಗಲಿ ಒಂದು ದೊಡ್ಡ ಚಮಚ ವಿನಿಗರನ್ನಾಗಲಿ ಸ್ವಲ್ಪ ಉಪ್ಪನ್ನೂ ಹಾಕತಕ್ಕದ್ದು. ಹುಳಿಯೂ ಉಪ್ಪೂ ಬಿಳಿಯ ಭಾಗವನ್ನು ಬೇಗನೆ ಹೆಪ್ಪುಗಟ್ಟಿಸುವುವು. ನೀರು ಕುದಿಬಂದೊಡನೆ ಉರಿಯನ್ನು ತಗ್ಗಿಸಿ, ತಳದಲ್ಲಿ ಸಣ್ಣ ಗುಳ್ಳೆಗಳು ಮಾತ್ರ ಏಳುವಂತೆ ಇಟ್ಟುಕೊಳ್ಳಬೇಕು. ಕೊತಕೊತನೆ ಕುದಿಯುವ ನೀರು ಮೊಟ್ಟೆಯನ್ನು ಹರಿದು ಹಾಕುವುದು. ಮೊಟ್ಟೆಯನ್ನು ಮೊದಲು ಒಂದು ಬಟ್ಟಲಿಗೆ ಒಡೆದು, ಬಟ್ಟಲಿನ ಅಂಚನ್ನು ನೀರಿಗೆ ತಾಗಿಸಿ ಮೆಲ್ಲನೆ ಜಾರಿಸತಕ್ಕದ್ದು. ೩ ರಿಂದ ೪ ನಿಮಿಷಗಳಲ್ಲಿ ಬಿಳಿಯ ಭಾಗವು ಗಟ್ಟಿಯಾಗಿ ಹಳದಿಯು ಮೆತ್ತಗಿರುವುದು. ೬ ನಿಮಿಷಗಳಿಗೆ ಹಳದಿಯೂ ಬಹುಮಟ್ಟಿಗೆ ಗಟ್ಟಿಯಾಗುವುದು. ತೂತುಗಳುಳ್ಳ ಸೌಟಿನಿಂದ ಎತ್ತಿ ನೀರು ಬಸಿಯಬೇಕು.

ಮೊಟ್ಟೆಯು ನಾಲ್ಕಾರು ದಿನಗಳದ್ದಾಗಿದ್ದರೆ, ಬಟ್ಟಲಿಗೆ ಒಡೆದ ಮೇಲೆ ಅದನ್ನು ಜಾಲರಿಯ ಮೇಲೆ ಅರ್ಧ ನಿಮಿಷ ಇಟ್ಟರೆ ತೆಳುವಾದ ಭಾಗವು ಸೋರಿಹೋಗಿ ದಪ್ಪನಾದುದು ಉಳಿಯುವುದು. ಉಳಿದುದನ್ನು ನೀರಿಗೆ ಇಳಿಸಿದರೆ ಎಳೆಗಳ ಕಾಟವಿರದು.

೨. ಇಡ್ಲಿ ತಟ್ಟೆಯ ಕ್ರಮ.— ಪರದೇಶಗಳಲ್ಲಿ ಈ ಕೆಲಸಕ್ಕಾಗಿಯೇ ಗುಳಿಗಳುಳ್ಳ ಪಾತ್ರೆಗಳನ್ನು ಮಾರುವರು. ಇಡ್ಲಿಯ ಪಾತ್ರೆಯಿರುವ ಮನೆಯವರು ಅಂತಹುದನ್ನು ಕೊಳ್ಳಬೇಕಾದ್ದಿಲ್ಲ. ಗುಳಿಗಳಿಗೆ ತುಪ್ಪ ಸವರಿ, ಒಂದೊಂದರಲ್ಲಿ ಒಂದು ಮೊಟ್ಟೆಯನ್ನು ಒಡೆದು, ಉಪ್ಪು ಮೆಣಸು ಉದುರಿಸಿ, ಹಬೆಯು ತುಂಬಿದ ಪಾತ್ರೆಯಲ್ಲಿಟ್ಟು ಮುಚ್ಚತಕ್ಕದ್ದು. ಗುಳಿಯು ಚಿಕ್ಕದಾಗಿದ್ದರೆ ಮೊಟ್ಟೆಯು ಹೊರಚೆಲ್ಲದಂತೆ ಸಣ್ಣ ಬಟ್ಟಲುಗಳನ್ನೇ ಹಬೆಯಲ್ಲಿಡಬಹುದು. ಮೆತ್ತಗಿನ ಹಳದಿಗೆ ೫ ನಿಮಿಷ, ಗಟ್ಟಿಯಾದುದಕ್ಕೆ ೮ ರಿಂದ ೧೦ ನಿಮಿಷ ಸಾಕು. ಮಡಿಕೇರಿಯಂತಹ ಎತ್ತರದ ಸ್ಥಳಗಳಲ್ಲಿ ನೀರು ಸುಮಾರು ೯೬ ಡಿಗ್ರಿಯಲ್ಲಿಯೇ ಕುದಿಯುವುದರಿಂದ ಒಂದು ನಿಮಿಷವನ್ನು ಹೆಚ್ಚಿಸಿಕೊಳ್ಳುವುದು ಲೇಸು. ಹತ್ತು ಹನ್ನೆರಡು ಜನರಿರುವ ದೊಡ್ಡ ಸಂಸಾರಕ್ಕೆ ಇದೇ ಅನುಕೂಲವಾದುದು; ಒಂದೇ ಸಲಕ್ಕೆ ಎಲ್ಲರದೂ ಸಿದ್ಧವಾಗುವುದು. ಮೊಟ್ಟೆಯು ಗುಳಿಯೊಳಗೇ ನಿಲ್ಲುವುದರಿಂದ ಸ್ವಲ್ಪ ಹಳೆಯದಾದರೂ ಚದರುವ ಭಯವಿಲ್ಲ.

೩. ಸಾರಿನ ಕ್ರಮ.— ಮಸಾಲೆಯ ಸಾರಿಗೆ ಮೊಟ್ಟೆಯನ್ನು ಒಡೆದು ಬಿಡುವ ಪದ್ಧತಿಯು ಹಲವು ಮನೆಗಳಲ್ಲಿ ಹಿಂದಿನಿಂದಲೂ ಇದೆ. ಅದು ಮೇಲೆ ಹೇಳಿದ ಕ್ರಮವೇ ಹೊರತು ಬೇರೆಯಲ್ಲ. ನಿಂಬೆರಸದ ಕೆಲಸವನ್ನು ಹುಣಿಸೆಹಣ್ಣೂ ಟೊಮೇಟೊವೂ ಮಾಡುವುವು. ಇಲ್ಲಿಯೂ ನಿಯಮಗಳು ಅವೇ. ಸಾರು ಚೆನ್ನಾಗಿ ಕುದಿದ ಮೇಲೆ ಉರಿಯನ್ನು ತಗ್ಗಿಸಿ, ಮೊಟ್ಟೆಗಳನ್ನು ಬೇರೆಬೇರೆ ಜಾಗಗಳಲ್ಲಿ ಒಂದೊಂದಾಗಿ ಇಳಿಸಿ, ಮುಚ್ಚಳವಿಟ್ಟು, ೬ ರಿಂದ ೮ ನಿಮಿಷಗಳವರೆಗೆ ಸೌಟನ್ನು ಆಡಿಸದೆ ಇರಬೇಕು. ಮುದ್ದೆಗೂ ಅನ್ನಕ್ಕೂ ಇದು ಹೊಂದುವುದು.

ಹಸಿ ಮೊಟ್ಟೆಯ ವಿಷಯದಲ್ಲಿ ಎಚ್ಚರಿಕೆ

ಬಾಣಂತಿಯರಿಗೂ, ರೋಗದಿಂದೆದ್ದವರಿಗೂ, ಕುಸ್ತಿಯ ಹುಡುಗರಿಗೂ ಹಸಿ ಮೊಟ್ಟೆಯನ್ನು ಕುಡಿಸಿದರೆ ಬಲ ಬರುವುದೆಂಬ ನಂಬಿಕೆಯುಂಟು. ಇದು ಸರಿಯಲ್ಲ. ಬೆಲ್ಜಿಯಂ ದೇಶದಲ್ಲಿ ನಡೆದು ೧೯೯೮ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಬೇಯಿಸಿದ ಮೊಟ್ಟೆಯ ಪ್ರೋಟೀನು ನೂರಕ್ಕೆ ಸುಮಾರು ೯೦ ಪಾಲು ಜೀರ್ಣವಾದರೆ, ಹಸಿಯದು ಸುಮಾರು ೫೦ ಪಾಲು ಮಾತ್ರ ಜೀರ್ಣವಾಯಿತು. ಎಂದರೆ ಬಲಕ್ಕಾಗಿ ಕೊಟ್ಟುದರಲ್ಲಿ ಅರ್ಧದಷ್ಟು ವ್ಯರ್ಥವೆಂದಾಯಿತು. ಇದಲ್ಲದೆ ಸಾಲ್ಮೊನೆಲ್ಲ ಎಂಬ ಕ್ರಿಮಿಗಳು ಕೋಳಿಯ ಹಿಕ್ಕೆಯಿಂದ ಚಿಪ್ಪಿನ ಮೇಲೆಯೂ, ಕೆಲವೊಮ್ಮೆ ಮೊಟ್ಟೆಯ ಒಳಗೂ ಇರುವುದುಂಟು. ಇವುಗಳಿಂದ ವಾಂತಿ, ಭೇದಿ, ಜ್ವರಗಳು ಉಂಟಾಗುವುವು. ಗಟ್ಟಿಮುಟ್ಟಾದವರು ಇದನ್ನು ತಾಳಿಕೊಂಡಾರು. ಮಗುವಿಗೂ ಗರ್ಭಿಣಿಗೂ ವೃದ್ಧರಿಗೂ ಇದು ಪ್ರಾಣಾಪಾಯಕ್ಕೆ ತಿರುಗಬಹುದು. ೭೧ ಡಿಗ್ರಿ ಶಾಖ ತಗುಲಿದರೆ ಈ ಕ್ರಿಮಿಗಳು ಸಾಯುವುವು. ಆದುದರಿಂದ ಇಂತಹವರಿಗೆ ನೀರಿನಲ್ಲಿ ಒಡೆದು ಬೇಯಿಸಿದ ಮೊಟ್ಟೆಯನ್ನು ಕೊಡುವಾಗಲೂ ಹಳದಿಯು ಪೂರ್ತಿ ಗಟ್ಟಿಯಾಗುವವರೆಗೆ ಬೇಯಿಸಿಯೇ ಕೊಡತಕ್ಕದ್ದು. ಮೆತ್ತಗಿನ ಹಳದಿಯ ರುಚಿಯು ಆರೋಗ್ಯವಂತರಿಗೆ ಮಾತ್ರ ಇರಲಿ.

ಕೋಳಿಗೂಡಿನಲ್ಲಿ ಮಾಡಬೇಕಾದುದು

ನಾಟಿ ಮೊಟ್ಟೆಯೆಂದರೆ ಹೊಸ ಮೊಟ್ಟೆಯೆಂದು ಜನರು ಭಾವಿಸುವರು. ಆದರೆ ನಡೆಯುವುದೇನು? ನಾಟಿ ಕೋಳಿಯು ಒಂದು ಸರದಿಗೆ ಹತ್ತು ಹದಿನೈದು ಮೊಟ್ಟೆಗಳನ್ನಿಡುವುದು. ದಿನ ಬಿಟ್ಟು ದಿನವೂ ಇಡುವುದುಂಟು. ಎಲ್ಲವೂ ಮುಗಿಯುವವರೆಗೆ ಬುಟ್ಟಿಯಲ್ಲಿಯೇ ಬಿಟ್ಟರೆ, ಕೊನೆಯ ಮೊಟ್ಟೆಯ ಹೊತ್ತಿಗೆ ಮೊದಲನೆಯದಕ್ಕೆ ಎರಡು ವಾರಗಳೂ ಮೀರಿರುವುವು. ಇಷ್ಟೂ ದಿನ ಕೋಳಿಯು ಬಂದು ಕುಳಿತು ಅದಕ್ಕೆ ಶಾಖ ಕೊಟ್ಟಿರುವುದು. ಹುಂಜದೊಡನೆ ಕೂಡಿದ ಹೇಂಟೆಯ ಮೊಟ್ಟೆಯಾದರೆ, ಸುಮಾರು ೨೧ ಡಿಗ್ರಿಗೆ ಮೇಲ್ಪಟ್ಟ ಶಾಖದಲ್ಲಿ ಒಳಗಿನ ಬೀಜವು ಮೆಲ್ಲನೆ ಬೆಳೆಯತೊಡಗುವುದು. ಹೀಗೆ ಮನೆಯ ಅಂಗಳದಲ್ಲಿ ಹುಟ್ಟಿದ ಮೊಟ್ಟೆಯೇ ಒಲೆಗೆ ಬರುವಷ್ಟರಲ್ಲಿ ಪೇಟೆಯದಕ್ಕಿಂತ ಹಳೆಯದಾಗಿರುವುದು. ಸಂತೆಗೆ ಒಯ್ದ ಬುಟ್ಟಿಯಲ್ಲಿ ಇಂತಹ ಎರಡು ಮೂರು ಸಿಕ್ಕಿದರೆ ವ್ಯಾಪಾರಿಯು ಇಡೀ ಬುಟ್ಟಿಯ ಬೆಲೆಯನ್ನೇ ಇಳಿಸುವನು. ಆ ನಷ್ಟವು ಬಹುಪಾಲು ಮನೆಯ ಹೆಂಗಸರ ಕೈಗಾಸಿನದೇ ಆಗಿರುವುದು.

ಇದನ್ನು ತಪ್ಪಿಸಲು ಕೆಳಗಿನ ಕ್ರಮಗಳನ್ನು ಅನುಸರಿಸಬಹುದು:

(ಅ) ಗೂಡಿನಲ್ಲಿ ಮರದ ಅಥವಾ ಪಿಂಗಾಣಿಯ ಹುಸಿಮೊಟ್ಟೆಯೊಂದನ್ನು ಬಿಟ್ಟು, ಇಟ್ಟ ಮೊಟ್ಟೆಯನ್ನು ಆ ದಿನವೇ ತೆಗೆಯತಕ್ಕದ್ದು. ಬೇಸಗೆಯಲ್ಲಿ ದಿನಕ್ಕೆರಡು ಸಲ ನೋಡಬೇಕು. ಮರಿ ಮಾಡಿಸಬೇಕಾದ ಮೊಟ್ಟೆಗಳನ್ನು ಆರಿಸಿ ಬೇರೆಯಾಗಿ ಇಟ್ಟುಕೊಳ್ಳಬೇಕು.

(ಆ) ಚಿಪ್ಪಿನ ಮೇಲೆ ಸೀಸದ ಕಡ್ಡಿಯಿಂದ ತಾರೀಖನ್ನು ಬರೆಯತಕ್ಕದ್ದು.

(ಇ) ಗೂಡಿನ ಹುಲ್ಲನ್ನು ವಾರಕ್ಕೊಮ್ಮೆ ಬದಲಾಯಿಸಬೇಕು. ಕೂಡಿಡುವ ಮೊಟ್ಟೆಗಳನ್ನು ತೊಳೆಯಬಾರದು. ರಂಧ್ರಗಳನ್ನು ಮುಚ್ಚಿರುವ ಸಹಜವಾದ ಮೇಲ್ಪೊರೆಯು ತೊಳೆದರೆ ಹೋಗುವುದು. ಒಡೆಯುವ ಮುನ್ನ ತೊಳೆದರೆ ಸಾಕು.

(ಈ) ಮೊನಚಾದ ತುದಿಯನ್ನು ಕೆಳಗೆ ಮಾಡಿ, ಒದ್ದೆ ಮರಳಿನಲ್ಲಿ ಅರ್ಧ ಹೂಳಿದ ಮಡಕೆಯೊಳಗೆ ಇಟ್ಟು ಬಟ್ಟೆಯಿಂದ ಮುಚ್ಚಬೇಕು. ರೆಫ್ರಿಜಿರೇಟರು ಇರುವ ಮನೆಗಳಲ್ಲಿ ಅದರೊಳಗಿಡುವುದೇ ಮೇಲು.

(ಉ) ಮರಿ ಮಾಡಿಸುವ ಕಾಲವು ಮುಗಿದ ಮೇಲೆ ಹುಂಜಗಳನ್ನು ಬೇರ್ಪಡಿಸಬೇಕು. ಮೊಟ್ಟೆಯಿಡುವುದಕ್ಕೆ ಹುಂಜವು ಬೇಕಿಲ್ಲ. ಬೀಜವಿಲ್ಲದ ಮೊಟ್ಟೆಯು ಹೆಚ್ಚು ಕಾಲ ಕೆಡದೆ ನಿಲ್ಲುವುದು.

ತಾರೀಖು ಬರೆದಿಟ್ಟ ಮನೆಯಲ್ಲಿ ಉಪಯೋಗಿಸುವ ನಿಯಮವೂ ಸುಲಭವಾಗುವುದು. ಎರಡು ಮೂರು ದಿನಗಳೊಳಗಿನದು ನೀರಿಗೆ ಒಡೆಯಲು. ವಾರದ್ದು ಚಿಪ್ಪಿನೊಡನೆ ಬೇಯಿಸಲು. ತೀರ ಹೊಸ ಮೊಟ್ಟೆಯನ್ನು ಚಿಪ್ಪಿನೊಡನೆ ಬೇಯಿಸಿದರೆ ಸಿಪ್ಪೆಯು ಸರಿಯಾಗಿ ಬಿಡದೆ ಬಿಳಿಯ ಭಾಗವೂ ಅದರೊಡನೆ ಕಿತ್ತುಬರುವುದೆಂಬುದನ್ನು ಅಡಿಗೆಯವರು ಬಲ್ಲರು.

ಊರಿನ ಮುಖಂಡರೂ ಜಮೀನುದಾರರೂ ಮೊದಲು ತಮ್ಮ ಮನೆಗಳಲ್ಲಿಯೇ ಇದನ್ನು ನಡೆಸಿ ನೋಡುವುದು ಯುಕ್ತ. ಒಂದು ಬಟ್ಟಲು ಬಿಸಿನೀರಿನಲ್ಲಿ ಆ ದಿನದ ಮೊಟ್ಟೆಯೊಂದನ್ನೂ ಬುಟ್ಟಿಯ ತಳದಲ್ಲಿದ್ದುದೊಂದನ್ನೂ ಅಕ್ಕಪಕ್ಕದಲ್ಲಿ ಒಡೆದು ತೋರಿಸಿದರೆ, ಕೋಳಿ ಸಾಕುವ ನೆರೆಹೊರೆಯವರಿಗೆ ಬೇರೆ ಉಪನ್ಯಾಸವು ಬೇಕಾಗದು. ಒಂದು ಉಂಡೆಯಾಗಿ ನಿಲ್ಲುವುದು. ಇನ್ನೊಂದು ನೀರಿನಲ್ಲಿ ಕರಗಿದಂತೆ ಚದರುವುದು. ಹಾಗೆ ಚದರಿದುದು ಮನೆಯ ಮಗುವಿಗೆ ಸಲ್ಲಬೇಕಾಗಿದ್ದ ಆಹಾರವೆಂಬುದನ್ನು ನೋಡಿದವರು ಮರೆಯಲಾರರು.