ಏಳೂವರೆ ವರ್ಷದ ಗವರ್ನರ್



ಕನ್ನಡ ಬಿ.ಎ. ಓದಿದವರಿಗೆ ಬೆನಗಲ್ ರಾಮರಾವ್ ಅಂದ ಕೂಡಲೇ ನೆನಪಾಗುವುದು 1925ರಲ್ಲಿ ಬೆಳಗಾವಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ವಿದ್ವಾಂಸರು. ಈ ಸಂಚಿಕೆಯಲ್ಲಿ ಹೇಳಹೊರಟಿರುವುದು ಅದೇ ಹೆಸರಿನ ಇನ್ನೊಬ್ಬರ ಬಗ್ಗೆ. ನಮ್ಮ ಮುಂಬಯಿಯಲ್ಲೇ, ರಿಸರ್ವ್ ಬ್ಯಾಂಕಿನ ನಾಲ್ಕನೇ ಗವರ್ನರ್ ಆಗಿದ್ದ ಸರ್ ಬೆನಗಲ್ ರಾಮ ರಾವ್. 1949ರ ಜುಲೈ 1ರಿಂದ 1957ರ ಜನವರಿ 14ರವರೆಗೆ, ಅಂದರೆ ಏಳೂವರೆ ವರ್ಷ. ಇಷ್ಟು ದಿನ ಆ ಕುರ್ಚಿಯಲ್ಲಿ ಕೂತವರು ಇವತ್ತಿಗೂ ಬೇರೆ ಯಾರೂ ಇಲ್ಲ. 2024ರ ಡಿಸೆಂಬರಿನಲ್ಲಿ ಹೊರಬಂದ ಶಕ್ತಿಕಾಂತ ದಾಸ್ ಅವರದ್ದೂ ಆರೇ ವರ್ಷ. ಆದರೆ ಈ ದಾಖಲೆಯ ಗವರ್ನರ್ ಕೊನೆಗೆ ರಾಜೀನಾಮೆ ಕೊಟ್ಟು ಎದ್ದು ಹೋದರು ಅನ್ನುವುದು ಅಷ್ಟಾಗಿ ಗೊತ್ತಿಲ್ಲದ ಸಂಗತಿ.

ಮೊದಲು ಮನೆತನದ ಮಾತು. ಬೇರು ನಮ್ಮ ಕರಾವಳಿಯದು, ಮನೆಮಾತು ಕೊಂಕಣಿ. ಅಣ್ಣ ಬಿ.ಎನ್. ರಾವ್ ಸಂವಿಧಾನ ಸಭೆಯ ಸಲಹೆಗಾರರು, ತಮ್ಮ ಬಿ. ಶಿವರಾವ್ ಪತ್ರಕರ್ತರು, ಅದೇ ಸಭೆಯ ಸದಸ್ಯರು. ಹೆಂಡತಿ ಧನ್ವಂತಿ ಕಾಶ್ಮೀರಿ ಮನೆತನದವರಾದರೂ ಬೆಳೆದದ್ದು ಹುಬ್ಬಳ್ಳಿಯಲ್ಲಿ! 1949ರಲ್ಲಿ ಭಾರತೀಯ ಕುಟುಂಬ ಯೋಜನಾ ಸಂಘವನ್ನು ಕಟ್ಟಿದವರು ಇವರೇ. ಮಗಳು ಶಾಂತಾ ರಾಮ ರಾವ್ ಇಂಗ್ಲಿಷ್ ಲೇಖಕಿ. ಒಂದೇ ಮನೆಯಲ್ಲಿ ಎಷ್ಟು ಜನ ನೋಡಿ.

ರಾಮ ರಾವ್ ಹುಟ್ಟಿದ್ದು 1889ರಲ್ಲಿ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು, ಆಮೇಲೆ ಕೇಂಬ್ರಿಜ್, ಐಸಿಎಸ್. ದಕ್ಷಿಣ ಆಫ್ರಿಕದಲ್ಲಿ ಭಾರತದ ಪ್ರತಿನಿಧಿ, ಬೊಂಬಾಯಿ ಪೋರ್ಟ್ ಟ್ರಸ್ಟಿನ ಅಧ್ಯಕ್ಷ, ಜಪಾನ್, ಅಮೆರಿಕಗಳಲ್ಲಿ ರಾಯಭಾರಿಯ ಕೆಲಸ. ಇಷ್ಟೆಲ್ಲಾ ಆದ ಮೇಲೆ ರಿಸರ್ವ್ ಬ್ಯಾಂಕು.

ಬಂದು ಮೂರು ತಿಂಗಳೂ ಆಗಿರಲಿಲ್ಲ, 1949ರ ಸೆಪ್ಟೆಂಬರಿನಲ್ಲಿ ಪೌಂಡಿನ ಜೊತೆಗೇ ರೂಪಾಯಿಯ ಬೆಲೆಯನ್ನೂ ಇಳಿಸಬೇಕಾಯಿತು. ಸುಮಾರು 3 ರೂಪಾಯಿ 5 ಆಣೆಗೆ ಸಿಗುತ್ತಿದ್ದ ಡಾಲರಿಗೆ ಅಂದಿನಿಂದ 4 ರೂಪಾಯಿ 12 ಆಣೆ. ಆ ಕಡೆ ಬಂಗಾಳದಲ್ಲಿ ಸಣ್ಣ ಬ್ಯಾಂಕುಗಳು ಒಂದರ ಹಿಂದೆ ಒಂದು ಬಾಗಿಲು ಮುಚ್ಚುತ್ತಿದ್ದವು. 1950ರಲ್ಲಿ ಅಲ್ಲಿಯ ನಾಲ್ಕು ಬ್ಯಾಂಕುಗಳನ್ನು ಸೇರಿಸಿ ಯುನೈಟೆಡ್ ಬ್ಯಾಂಕ್ ಆಫ್ ಇಂಡಿಯಾ ಮಾಡಲಾಯಿತು.

ನನ್ನ ಲೆಕ್ಕದಲ್ಲಿ ಅವರ ಕಾಲದ ದೊಡ್ಡ ಕೆಲಸ ಹಳ್ಳಿಯ ಸಾಲದ ಸಮೀಕ್ಷೆ. 1951ರಲ್ಲಿ ಎ.ಡಿ. ಗೋರವಾಲಾ ಅವರ ನೇತೃತ್ವದ ಸಮಿತಿಗೆ ರಿಸರ್ವ್ ಬ್ಯಾಂಕು ಈ ಕೆಲಸ ವಹಿಸಿತು. ರೈತ ಪಡೆಯುವ 100 ರೂಪಾಯಿ ಸಾಲದಲ್ಲಿ ಸುಮಾರು 70 ರೂಪಾಯಿ ಲೇವಾದೇವಿ ಸಾಹುಕಾರರದು, ಸಹಕಾರಿ ಸಂಘಗಳದು 3 ರೂಪಾಯಿ, ಬ್ಯಾಂಕುಗಳದು ಒಂದು ರೂಪಾಯಿಗೂ ಕಡಿಮೆ! ವರದಿ ಬಂದದ್ದು 1954ರಲ್ಲಿ. ಮರುವರ್ಷ ಜುಲೈ 1ಕ್ಕೆ ಇಂಪೀರಿಯಲ್ ಬ್ಯಾಂಕು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ಆಯಿತು. ಐದು ವರ್ಷದಲ್ಲಿ 400 ಹೊಸ ಶಾಖೆ ತೆರೆಯಬೇಕೆಂದು ಅದಕ್ಕೆ ಗುರಿ ಹಾಕಿಕೊಟ್ಟರು. ಇವತ್ತು ತಾಲ್ಲೂಕು ಕೇಂದ್ರಗಳಲ್ಲಿ ಕಾಣುವ ಸ್ಟೇಟ್ ಬ್ಯಾಂಕಿನ ಬೋರ್ಡಿಗೆ ಇದೇ ಮೂಲ.

ಇನ್ನು ರಾಜೀನಾಮೆಯ ಕಥೆ. ಇದಕ್ಕೆ ಸ್ವಲ್ಪ ವಿವರಣೆ ಬೇಕು.

ನಮಗೆ ಸಾಲ ಕೊಡುವ ಬ್ಯಾಂಕುಗಳೂ ರಿಸರ್ವ್ ಬ್ಯಾಂಕಿನಿಂದ ಸಾಲ ತರುತ್ತವೆ. ಅದಕ್ಕೆ ಕಟ್ಟುವ ಬಡ್ಡಿಯೇ ಬ್ಯಾಂಕ್ ದರ. 1951ರ ನವೆಂಬರಿನಲ್ಲಿ ರಾಮ ರಾವ್ ಅದನ್ನು ಶೇಕಡಾ 3ರಿಂದ 3.5ಕ್ಕೆ ಏರಿಸಿದ್ದರು. ಮರುವರ್ಷ ಅವರೇ ತಂದ ಯೋಜನೆಯಂತೆ, ಬ್ಯಾಂಕುಗಳು ಗಿರಾಕಿಗಳ ಪ್ರಾಮಿಸರಿ ನೋಟುಗಳನ್ನು ಒತ್ತೆಯಿಟ್ಟು ರಿಸರ್ವ್ ಬ್ಯಾಂಕಿನಿಂದ ಹಣ ತರಬಹುದಿತ್ತು. ಆ ನೋಟಿಗೆ ಸರ್ಕಾರದ ಸ್ಟಾಂಪು ಹಚ್ಚಬೇಕು. 1956ರ ನವೆಂಬರ್ ಕೊನೆಗೆ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ಈ ಸ್ಟಾಂಪಿನ ಸುಂಕವನ್ನು ಒಮ್ಮೆಲೇ ಏರಿಸಿದರು. ಬ್ಯಾಂಕ್ ದರ ಕಾಗದದ ಮೇಲೆ 3.5 ಆಗಿಯೇ ಉಳಿಯಿತು. ಆದರೆ ಬ್ಯಾಂಕುಗಳಿಗೆ ಬೀಳುವ ಖರ್ಚು ಸುಮಾರು 4 ಆಯಿತು. ಬಡ್ಡಿ ಏರಿಸುವುದು ರಿಸರ್ವ್ ಬ್ಯಾಂಕಿನ ಕೆಲಸ. ಈಗ ಅದನ್ನು ದೆಹಲಿಯಲ್ಲಿ ಸುಂಕದ ಹೆಸರಿನಲ್ಲಿ ಮಾಡಿದಂತಾಯಿತು.

ರಾಮ ರಾವ್ ಆಕ್ಷೇಪಿಸಿದರು. ಬ್ಯಾಂಕಿನ ಕೇಂದ್ರ ಮಂಡಳಿಯೂ ಡಿಸೆಂಬರಿನಲ್ಲಿ ಅವರ ಜೊತೆ ನಿಂತಿತು. ಮಂತ್ರಿಗಳಾದರೋ ರಿಸರ್ವ್ ಬ್ಯಾಂಕೆಂದರೆ ತಮ್ಮ ಇಲಾಖೆಯ ಒಂದು ವಿಭಾಗ ಎನ್ನುವ ರೀತಿಯಲ್ಲಿ ಮಾತಾಡಿದರು. ಪ್ರಧಾನಿ ನೆಹರೂ ಮಂತ್ರಿಯ ಪಕ್ಷವನ್ನೇ ವಹಿಸಿದರು. ಬ್ಯಾಂಕು ಸರ್ಕಾರದ ನೀತಿಗೆ ಹೊಂದಿಕೊಂಡೇ ನಡೆಯಬೇಕು ಎಂದು ಪತ್ರ ಬರೆದರು. ಎರಡನೇ ಸಲ ವಿಸ್ತರಿಸಿದ ಅವಧಿ ಮುಗಿಯಲು ಕೆಲವೇ ತಿಂಗಳಿದ್ದಾಗ ರಾಮ ರಾವ್ ಹುದ್ದೆ ಬಿಟ್ಟರು. ಸುಮ್ಮನೆ ಇದ್ದಿದ್ದರೆ ಸನ್ಮಾನ ಮಾಡಿಸಿಕೊಂಡೇ ಹೋಗಬಹುದಿತ್ತು.

ಇಲ್ಲಿ ನೆಹರೂ ಅವರ ಮಾತನ್ನೂ ತಳ್ಳಿಹಾಕುವಂತಿಲ್ಲ. ಜನ ಆರಿಸಿದ ಸರ್ಕಾರಕ್ಕೇ ಕೊನೆಯ ಮಾತು. 1949ರಲ್ಲಿ ಬ್ಯಾಂಕು ರಾಷ್ಟ್ರೀಕರಣವಾದಾಗಿನಿಂದ, ಸಾರ್ವಜನಿಕ ಹಿತಕ್ಕಾಗಿ ಸರ್ಕಾರ ಬ್ಯಾಂಕಿಗೆ ನಿರ್ದೇಶನ ಕೊಡಬಹುದು ಎಂದು ಕಾನೂನೇ ಇದೆ. ಆದರೆ ಆ ಕಾನೂನಿನಲ್ಲೇ ಇನ್ನೊಂದು ಮಾತೂ ಇದೆ: ಗವರ್ನರ್ ಜೊತೆ ಸಮಾಲೋಚಿಸಿದ ಮೇಲೆ. ಜಗಳ ಅರ್ಧ ಪರ್ಸೆಂಟಿನದ್ದಲ್ಲ, ಕೇಳದೆ ಮಾಡಿದ್ದರದ್ದು ಎಂದೇ ನನಗೆ ತೋರುತ್ತದೆ. ಯಾಕೆಂದರೆ ನಾಲ್ಕು ತಿಂಗಳ ನಂತರ, 1957ರ ಮೇ ತಿಂಗಳಲ್ಲಿ, ಹೊಸ ಗವರ್ನರ್ ಎಚ್.ವಿ.ಆರ್. ಅಯ್ಯಂಗಾರ್ ಅವರ ಕಾಲದಲ್ಲಿ ಬ್ಯಾಂಕ್ ದರವನ್ನೇ ನೇರವಾಗಿ ಶೇಕಡಾ 4ಕ್ಕೆ ಏರಿಸಿ, ಸ್ಟಾಂಪಿನ ಸುಂಕವನ್ನು ಇಳಿಸಲಾಯಿತು. ಗಿರಾಕಿಗೆ ಖರ್ಚು ಹೆಚ್ಚುಕಡಿಮೆ ಅಷ್ಟೇ. ಆದರೆ ಈ ಸಲ ಏರಿಸಿದ್ದು ರಿಸರ್ವ್ ಬ್ಯಾಂಕು.

ರಾಮ ರಾವ್ 1969ರಲ್ಲಿ ತೀರಿಕೊಂಡರು. ಬಡ್ಡಿ ಯಾರು ನಿರ್ಧರಿಸಬೇಕು ಎಂಬ ಪ್ರಶ್ನೆಗೆ ಕಾನೂನಿನಲ್ಲಿ ನೇರ ಉತ್ತರ ಬರೆದದ್ದು 2016ರಲ್ಲಿ. ಈಗ ಆ ಕೆಲಸ ಆರು ಜನರ ಹಣಕಾಸು ನೀತಿ ಸಮಿತಿಯದು. ಮೂವರು ಬ್ಯಾಂಕಿನ ಕಡೆಯವರು, ಮೂವರು ಸರ್ಕಾರ ನೇಮಿಸಿದವರು. ಮತ ಸಮಸಮವಾದರೆ ಗವರ್ನರ್ ಅವರದ್ದು ಎರಡನೇ ಮತ. ಸಾಮಾನ್ಯವಾಗಿ ಎರಡು ತಿಂಗಳಿಗೊಮ್ಮೆ ವಾರ್ತೆಯಲ್ಲಿ ನೀವು ಕೇಳುವ, ಮನೆಸಾಲದ ಕಂತು ಏರಿಸುವ ಇಳಿಸುವ ಆ ರೆಪೊ ದರ ಈ ಸಮಿತಿಯದ್ದೇ.