ತಲೆಸುತ್ತಿಗೆ ಕಿವಿಯ ಪರೀಕ್ಷೆ ಏಕೆ?

ಗದ್ದೆಯ ಬದುವಿನ ಮೇಲೆ ನಡೆಯುತ್ತಿದ್ದವರು ಭೂಮಿಯೇ ಗಿರ್ರನೆ ತಿರುಗಿದಂತಾಗಿ ಕುಸಿದು ಕುಳಿತದ್ದನ್ನು ನೀವು ಕಂಡಿರಬಹುದು. ಪಿತ್ತವೆಂದು ನಿಂಬೆಹಣ್ಣಿನ ಪಾನಕ ಕುಡಿಸುತ್ತೇವೆ; ದೃಷ್ಟಿಯಾಗಿದೆಯೆಂದು ನಿವಾಳಿಸುತ್ತೇವೆ. ಮತ್ತೊಂದು ದಿನ ಅದೇ ಮನುಷ್ಯ ಬಾವಿಯ ಕಟ್ಟೆಯ ಬಳಿ ಬಿದ್ದರೆ ಗತಿಯೇನು? ತಲೆಸುತ್ತಿಗೆ ರಕ್ತಹೀನತೆ, ರಕ್ತದ ಒತ್ತಡ ಮೊದಲಾದ ಕಾರಣಗಳುಂಟು. ಆದರೆ ಸುತ್ತಲಿನ ವಸ್ತುಗಳೇ ತಿರುಗಿದಂತಾಗುವುದಕ್ಕೆ ಅನೇಕ ವೇಳೆ ಒಳಕಿವಿಯ ದೋಷವೇ ಕಾರಣ.

ಕಿವಿ ಇರುವುದು ಕೇಳುವುದಕ್ಕೆ ಮಾತ್ರವಲ್ಲ. ದೇಹವನ್ನು ಬೀಳದಂತೆ ಕಾಯುವ ಅಂಗಗಳೂ ಒಳಕಿವಿಯಲ್ಲಿವೆ. ಅಲ್ಲಿನ ಮೂರು ಬಾಗಿದ ನಾಳಗಳು ತಲೆ ತಿರುಗಿದುದನ್ನು ಮೆದುಳಿಗೆ ತಿಳಿಸುತ್ತವೆ. ಸ್ಯಾಕ್ಯೂಲ್, ಯುಟ್ರಿಕಲ್ ಎಂಬ ಎರಡು ಪುಟ್ಟ ಚೀಲಗಳು ತಲೆ ವಾಲಿದುದನ್ನೂ, ಮೇಲೆ ಕೆಳಗೆ, ಹಿಂದೆ ಮುಂದೆ ಸರಿದುದನ್ನೂ ತಿಳಿಸುತ್ತವೆ.

ಎಲುಬಿನೊಳಗೆ ಅಡಗಿರುವ ಈ ಚೀಲಗಳನ್ನು ಪರೀಕ್ಷಿಸುವುದು ಹೇಗೆ? ಇದಕ್ಕೆ ಶಬ್ದವೇ ದಾರಿ. ಅನೇಕ ಜಾತಿಯ ಮೀನುಗಳು ಶಬ್ದ ಕೇಳುವುದೇ ಸ್ಯಾಕ್ಯೂಲಿನಿಂದ. ಮನುಷ್ಯನಲ್ಲಿಯೂ ಅದು ಜೋರಾದ ಶಬ್ದಕ್ಕೆ ಅದುರುತ್ತದೆ. ಆಗ ಸುದ್ದಿಯು ಸಮತೋಲನದ ನರದ ಮೂಲಕ ಮೆದುಳಿನ ಬುಡಕ್ಕೆ ಹೋಗಿ, ಅಲ್ಲಿಂದ ಕತ್ತಿನ ಸ್ನಾಯುವಿಗೆ ಬರುತ್ತದೆ. ಬಿಗಿದ ಸ್ನಾಯು ಕ್ಷಣಮಾತ್ರ ಸಡಿಲುತ್ತದೆ. 1992ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯ ವೈದ್ಯರಾದ ಕೋಲ್‌ಬ್ಯಾಚ್ ಮತ್ತು ಹಾಲ್ಮಗಿ ಇದನ್ನು ತೋರಿಸಿಕೊಟ್ಟರು. ಸಮತೋಲನದ ನರವನ್ನು ಕತ್ತರಿಸಿದ್ದ ಕಡೆ ಈ ಸ್ಪಂದನ ಬರಲಿಲ್ಲ. ಕೇಳುವ ನರ ಕೆಟ್ಟು ಕಿವುಡಾದವರಲ್ಲಿಯೂ ಇದು ಬರಬಲ್ಲದೆಂದು ಮುಂದೆ ಕಂಡುಬಂದಿತು. ಈ ಪರೀಕ್ಷೆಗೆ ವೈದ್ಯರು 'ವೆಂಪ್' ಎನ್ನುತ್ತಾರೆ.

ಇದರಲ್ಲಿ ಸೂಜಿ ಚುಚ್ಚುವುದಿಲ್ಲ, ಮೈಗೆ ವಿದ್ಯುತ್ತು ಹಾಯಿಸುವುದೂ ಇಲ್ಲ. ಕತ್ತಿನ ಪಕ್ಕದ ದಪ್ಪ ಸ್ನಾಯುವಿನ ಮೇಲೆ ಬಿಲ್ಲೆಗಳನ್ನು ಅಂಟಿಸುತ್ತಾರೆ. ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ ಅಥವಾ ಮಲಗಿದಲ್ಲಿಂದ ಸ್ವಲ್ಪ ಎತ್ತಿ ಹಿಡಿಯಲು ಹೇಳುತ್ತಾರೆ. ಸಡಿಲ ಹಗ್ಗವನ್ನು ತಟ್ಟಿದರೆ ಏನೂ ತಿಳಿಯದು, ಬಿಗಿದ ಹಗ್ಗವನ್ನು ತಟ್ಟಿದರೆ ತಿಳಿಯುತ್ತದೆ. ಹಾಗೆಯೇ ಕತ್ತು ಬಿಗಿಯಾಗಿರಲೇಬೇಕು. ಕಿವಿಯಲ್ಲಿ 'ಟಕ್ ಟಕ್' ಎಂಬ ಜೋರು ಶಬ್ದ ಸೆಕೆಂಡಿಗೆ ಸುಮಾರು 5 ಸಲ ಬರುತ್ತದೆ. ಒಂದು ಸಲದ ಸ್ಪಂದನ ಬಹಳ ಸಣ್ಣದು. ಆದುದರಿಂದ ನೂರಾರು ಸಲ ಅಳೆದು ಸರಾಸರಿ ತೆಗೆಯುತ್ತಾರೆ. ಆರೋಗ್ಯವಂತರಲ್ಲಿ ಶಬ್ದವಾದ ಸುಮಾರು 13 ಮತ್ತು 23 ಮಿಲಿಸೆಕೆಂಡುಗಳಿಗೆ ಎರಡು ಅಲೆಗಳು ಕಾಣುತ್ತವೆ. ಯುಟ್ರಿಕಲನ್ನು ಪರೀಕ್ಷಿಸಲು ಕಣ್ಣಿನ ಕೆಳಗೆ ಬಿಲ್ಲೆ ಅಂಟಿಸಿ, ಮೇಲಕ್ಕೆ ನೋಡುವಂತೆ ಹೇಳುತ್ತಾರೆ.

ಒಂದು ಕಡೆಯ ಅಲೆ ಕುಗ್ಗಿದ್ದರೆ ಆ ಕಡೆಯ ಚೀಲಕ್ಕೋ ನರಕ್ಕೋ ಪೆಟ್ಟಾಗಿರಬಹುದು. ಸಣ್ಣ ಶಬ್ದಕ್ಕೇ ದೊಡ್ಡ ಅಲೆ ಬಂದರೆ, ಮೇಲಿನ ನಾಳವನ್ನು ಮುಚ್ಚಿರುವ ಎಲುಬಿನಲ್ಲಿ ಬಿರುಕಿರಬಹುದು. ಆದರೆ ವಯಸ್ಸಾದವರಲ್ಲಿ ಅಲೆ ತಾನಾಗಿಯೇ ಕುಗ್ಗುತ್ತದೆ. ಆದುದರಿಂದ ಇದೊಂದರಿಂದಲೇ ರೋಗ ನಿರ್ಧರಿಸುವುದಿಲ್ಲ. ಬೇರೆ ಪರೀಕ್ಷೆಗಳೊಡನೆ ಕೂಡಿಸಿ ನೋಡುತ್ತಾರೆ.

ಪರೀಕ್ಷೆಗೆ ಹೋಗುವವರು ನೆನಪಿಡಬೇಕಾದುದು:

1. ಕಿವಿ ಸೋರುತ್ತಿದ್ದರೆ ಅಥವಾ ಗುಗ್ಗೆ ತುಂಬಿದ್ದರೆ ಮೊದಲೇ ತಿಳಿಸಿ. ಶಬ್ದ ಒಳಗೆ ತಲಪದಿದ್ದರೆ ಚೆನ್ನಾಗಿರುವ ಚೀಲವೂ ಕೆಟ್ಟಂತೆ ತೋರುತ್ತದೆ.

2. ಕತ್ತುನೋವು, ಕಿವಿಯಲ್ಲಿ ಮೊರೆತ, ಜೋರು ಶಬ್ದ ತಾಳಲಾಗದ ತೊಂದರೆಗಳಿದ್ದರೆ ಮುಚ್ಚಿಡಬೇಡಿ.

3. ಸುತ್ತು ಯಾವಾಗ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ ಎಂಬುದನ್ನು ಗುರುತು ಹಾಕಿಕೊಂಡು ಹೋಗಿ.

ತಲೆಸುತ್ತಿನೊಡನೆ ಮಾತು ತೊದಲಿದರೆ, ಮುಖ ಸೊಟ್ಟಗಾದರೆ, ಕೈಕಾಲು ಸೋತರೆ ಅಥವಾ ಒಂದು ಎರಡಾಗಿ ಕಂಡರೆ ಯಾವ ಪರೀಕ್ಷೆಗೂ ಕಾಯದೆ ಆ ಕೂಡಲೇ ದೊಡ್ಡ ಆಸ್ಪತ್ರೆಗೆ ಸಾಗಿಸತಕ್ಕದ್ದು. ಅದು ಮೆದುಳಿಗೆ ಸಂಬಂಧಿಸಿದ ಅಪಾಯವಿರಬಹುದು.

ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿ. ಅಗತ್ಯವಿದ್ದರೆ ಕಿವಿ, ಮೂಗು, ಗಂಟಲಿನ ತಜ್ಞರ ಬಳಿಗೆ ಕಳುಹಿಸುತ್ತಾರೆ. 1965ರಲ್ಲಿ ಮೈಸೂರಿನಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಪರೀಕ್ಷೆಯ ಬಗ್ಗೆ ಸಂಶೋಧನೆಗಳೂ ನಡೆದಿವೆ. ಕಾರಣ ತಿಳಿಯುವವರೆಗೆ ಸುತ್ತು ಬರುವವರು ಮರ ಹತ್ತಬಾರದು, ಒಬ್ಬರೇ ಬಾವಿಗೆ ಇಳಿಯಬಾರದು, ವಾಹನ ನಡೆಸಬಾರದು. ಮನೆಯವರೂ ಇದನ್ನು ನೋಡಿಕೊಳ್ಳಬೇಕು.